ಗಿರಿಯನ ಎರಡು ಕಂಪ್ಯೂಟರು

ಹೂಂ ಅನ್ನೋರು ಗಟ್ಟಿಯಾಗಿ ಅನ್ನಿ, ನಗೋರು ಕೊನೇವರೆಗೂ ಒಂದಿಷ್ಟು ನಗು ಉಳಿಸಿಕೊಳ್ಳಿ. ಅರಸೀಕೆರೆಯಲ್ಲಿ ತಟ್ಟೆ ಇಡ್ಲಿ ಮಾರುವ ನಂಜವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಗಿರಿಯ. ಆಳೆತ್ತರ ಬೆಳೆದಿದ್ದ, ಇಪ್ಪತ್ತೆಂಟು ತುಂಬಿತ್ತು, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಇತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ಗುಣ, ಅದೇ ಅವನ ರೋಗ.

ಅವನ ಕೆಲಸ ಏನಪ್ಪಾ ಅಂದರೆ, ಕಂಪ್ಯೂಟರಿನಲ್ಲಿ ಗುಂಡು ಹಾರಿಸೋ ಆಟ ಆಡುವುದು, ಆಡುತ್ತಾ ಆಡುತ್ತಾ ಅದನ್ನ ಲೋಕಕ್ಕೆಲ್ಲಾ ಲೈವ್ ತೋರಿಸುವುದು. ಲೋಕ ಅಂದರೆ ಮೂರು ಜನ. ಒಬ್ಬ ಅವನೇ, ಮೊಬೈಲಿನಲ್ಲಿ. ಇನ್ನೊಬ್ಬಳು ಅವ್ವ, ಮಗನ ಕಾಟ ತಡೆಯಲಾರದೆ. ಮೂರನೆಯವಳು ಕಡೂರಿನ ಸಿದ್ರಾಮಣ್ಣನ ಮಗಳು ವನಜಾಕ್ಷಿ. ಅವಳನ್ನ ಗಿರಿಯನಿಗೆ ಕೇಳಿದ್ದರು. ಅವಳು ಚುರುಕು ಹುಡುಗಿ. ಮೊದಲು ಹುಡುಗನ ಕೆಲಸ ನೋಡೋಣ, ಆಮೇಲೆ ಹುಡುಗನ್ನ ನೋಡೋಣ ಅಂದಿದ್ದಳು. ನೋಡಿದಳು. ಅಪ್ಪನ ಕೈಲಿ ಫೋನು ಮಾಡಿಸಿದಳು.

"ನಂಜವ್ವಾ, ನಿಮ್ಮ ಹುಡುಗನ ಆಟ ನಿಂತು ನಿಂತು ಬತ್ತದಂತೆ. ಅದನ್ನ ಸರಿ ಮಾಡ್ಲಿ, ಆಮೇಲೆ ಬತ್ತೀವಿ!"

ನಂಜವ್ವ ಫೋನಿಟ್ಟವಳೇ ಮಗನ ಕಡೆ ತಿರುಗಿದಳು. ನಾಲ್ಕು ಸಂಬಂಧ ಆಗಲೇ ಮುರಿದಿದ್ದವು. ಇದೂ ತಪ್ಪಿದರೆ ಮಗನಿಗೆ ಮದುವೆಯೇ ಇಲ್ಲ. "ಹೋಗ್ಲಾ, ಹಾಲೇಶನ್ನ ಕೇಳ್ಕೊಂಡು ಬಾ!" ಅಂದಳು.

ಹಾಲೇಶ ಅಂದರೆ ನಂಜವ್ವನ ಅಣ್ಣನ ಮಗ, ಬಸ್ ಸ್ಟ್ಯಾಂಡಿನ ಪಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಅವನಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಹಾಗಂತ ಅವನೇ ಹೇಳುತ್ತಿದ್ದ.

"ಒಂದೇ ಕಂಪ್ಯೂಟರು ಆಟನೂ ಆಡ್ಬೇಕು, ಜನಕ್ಕೂ ತೋರಿಸ್ಬೇಕು. ಸುಸ್ತಾಗದೆ ಇನ್ನೇನ್ಲಾ? ಈಗಿನ ಕಾಲಕ್ಕೆ ಒಂದೇ ಸಾಕು ಅಂತಾರೆ ಕೆಲವರು, ಅವರ ಮಾತು ಕೇಳ್ಬೇಡ. ಒಬ್ಬರ ತಲೆ ಮೇಲೆ ಎರಡು ಕೆಲಸ ಹೇರಬಾರ್ದು!" ಅಂದ ಹಾಲೇಶ. ಆ ಎರಡನೇ ಕಂಪ್ಯೂಟರು ಅವನ ಅಂಗಡಿಯಲ್ಲೇ ಧೂಳು ತಿನ್ನುತ್ತಿತ್ತು, ಅದು ಬೇರೆ ಮಾತು.

"ಆಯ್ತು, ಹೇರಲ್ಲ," ಅಂದ ಗಿರಿಯ.

ಮನೆಗೆ ಬಂದ. ಬೆಳಗಿನ ಹೊತ್ತು, ಗಿರಾಕಿಗಳು ಮುತ್ತಿದ್ದರು. "ಬಂದ್ಯಾ? ಇಡ್ಲಿ ಇಳಿಸು, ಇವರಿಗೆಲ್ಲಾ ಕೊಡು!" ಅಂದಳು ಅವ್ವ, ಚಟ್ನಿ ರುಬ್ಬುತ್ತಾ. ಗಿರಿಯ ಇಡ್ಲಿ ಇಳಿಸಿದ. ಇಳಿಸಿ ಕೈಕಟ್ಟಿ ನಿಂತ.

"ಕೊಡಪ್ಪಾ, ಹಸಿವು!" ಅಂದರು ಗಿರಾಕಿಗಳು.

"ಇಳಿಸೋನು ನಾನು. ಕೊಡೋನು ಇನ್ನೂ ಬರ್ಬೇಕು!"

ಗಿರಾಕಿಗಳು ಎದುರಿನ ಹೋಟೆಲಿಗೆ ನಡೆದರು. ನಂಜವ್ವ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ಬೆಪ್ಪೇ! ಮೆಷಿನ್ನಿಗೆ ಹೇಳಿದ್ದನ್ನ ಇಡ್ಲಿಗೆ ಹಚ್ತೀಯಲ್ಲೋ! ಹೋಗಿ ಇನ್ನೊಂದು ಕಂಪ್ಯೂಟರ್ ತಾ. ಒಂದರಲ್ಲಿ ಆಡು, ಇನ್ನೊಂದನ್ನ ನೋಡೋರ ಮುಂದೆ ಇಡು!"

"ಆಯ್ತವ್ವ, ಇಡ್ತೀನಿ."

ತಂದ. ಒಂದನ್ನ ಒಳಕೋಣೆಯಲ್ಲಿಟ್ಟು ಆಡಲು ಕೂತ. ಇನ್ನೊಂದನ್ನ ಬೀದಿಯಲ್ಲಿ, ಇಡ್ಲಿ ತಿನ್ನುವವರ ಮುಂದೆ ಇಟ್ಟ. ವೈರಿಲ್ಲ, ಕರೆಂಟಿಲ್ಲ. ಕಪ್ಪು ಪರದೆಯಲ್ಲಿ ಮುಖ ನೋಡಿಕೊಂಡು ಒಬ್ಬ ತಲೆ ಬಾಚಿದ, ಇನ್ನೊಬ್ಬ ಹಲ್ಲಿಗೆ ಸಿಕ್ಕಿದ್ದ ಕಾಯಿಚೂರು ತೆಗೆದ.

"ಚೆನ್ನಾಗಿ ಕಾಣ್ತಾ ಐತಾ?" ಗಿರಿಯ ಒಳಗಿಂದ ಕೂಗಿದ.

"ಬಲು ಚೆನ್ನಾಗಿ ಕಾಣ್ತದೆ, ದಿನಾ ಇಡಪ್ಪಾ!" ಅಂದರು ಅವರು.

ಕಡೂರಿನಲ್ಲಿ ಮಾತ್ರ ಏನೂ ಕಾಣಲಿಲ್ಲ. ನಂಜವ್ವ ಹೇಳಿ ಕಳಿಸಿದಳು, ಹಾಲೇಶ ಓಡಿ ಬಂದ. ಎರಡನೇ ಕಂಪ್ಯೂಟರನ್ನ ಬೀದಿಯಿಂದ ಎತ್ತಿ ನಡುಮನೆಯಲ್ಲಿಟ್ಟ, ಒಳಗಿನದಕ್ಕೂ ಅದಕ್ಕೂ ವೈರು ಜೋಡಿಸಿದ. "ದಡ್ಡ ಮುಂಡೇದೇ! ಒಳಗೆ ಏನು ನಡೀತದೋ ಅದೆಲ್ಲಾ ಹೊರಗೆ ಹೋಗ್ಬೇಕು! ಒಂದು ಚೂರೂ ಒಳಗೆ ಉಳೀಬಾರ್ದು!"

"ಆಯ್ತು, ಉಳಿಸಲ್ಲ."

ಮಾರನೇ ದಿನ ಆಟ ನೀರು ಹರಿದ ಹಾಗೆ ಹರಿಯಿತು. ಕಡೂರಿನಲ್ಲಿ ಮನೆಮಂದಿಯೆಲ್ಲಾ ಕೂತು ನೋಡುತ್ತಿದ್ದರು. ನಂಜವ್ವ ಹಿಗ್ಗಿದಳು. ಹಿಗ್ಗಿ ಮಗನ ಕಿವಿಯಲ್ಲಿ ಪಿಸುಗುಟ್ಟಿದಳು: "ಹುಡುಗಿ ಮೂಗು ಒಸಿ ದಪ್ಪ. ಇರ್ಲಿ ಬಿಡು, ನಿನ್ನ ಮುಖಕ್ಕೆ ಇದೇ ಹೆಚ್ಚು."

ಗಿರಿಯ ಮೈಕಿಗೆ ಬಾಯಿಟ್ಟ. "ವನಜಾಕ್ಷೀ! ನಿಮ್ಮ ಮೂಗು ಒಸಿ ದಪ್ಪವಂತೆ! ಆದ್ರೂ ನನ್ನ ಮುಖಕ್ಕೆ ಇದೇ ಹೆಚ್ಚಂತೆ! ಅವ್ವ ಹೇಳಿದ್ಲು!"

ನಂಜವ್ವ ತಲೆ ಮೇಲೆ ಕೈಹೊತ್ತು ಕೂತಳು. ಫೋನು ಬಂತು. ಈ ಸಲ ವನಜಾಕ್ಷಿಯೇ ಮಾತಾಡಿದಳು. "ನನ್ನ ಮೂಗು ದಿನಾ ಕನ್ನಡೀಲಿ ನೋಡ್ತೀನಿ, ನೀವು ಹೇಳೋದೇನೂ ಬ್ಯಾಡ. ಆಟ ನಿಲ್ಲದೆ ಬಂತು, ಕೊಟ್ಟ ಮಾತು ನಡೆಸ್ತೀವಿ. ಭಾನುವಾರ ಅಪ್ಪನ ಜೊತೆ ಬತ್ತೀನಿ."

ಹೋದ ಜೀವ ತಿರುಗಿ ಬಂತು. ನಂಜವ್ವ ಎದ್ದವಳೇ ಮಗನ ಕಿವಿ ಹಿಡಿದಳು. "ಆ ಎರಡು ಕಂಪ್ಯೂಟರ್ ನೋಡಿ ಕಲೀಲಾ! ದುಡಿಯೋದು ಒಳಗೆ ಕೂತೈತೆ, ಮುಖ ತೋರಿಸೋದು ಹೊರಗೆ ಕೂತೈತೆ. ಎಷ್ಟು ಮರ್ಯಾದೆಯಾಗಿ ಅವೆ! ಭಾನುವಾರ ನೀನೂ ಹಂಗೇ ಇರ್ಬೇಕು!"

"ಆಯ್ತವ್ವ, ಹಂಗೇ ಇರ್ತೀನಿ."

ಭಾನುವಾರ ನಂಜವ್ವ ಹೆಣ್ಣಿನ ಕಡೆಯವರನ್ನ ಕರೆತರಲು ಸ್ಟೇಷನ್ನಿಗೆ ಹೋದಳು. ಕರೆತಂದು ನೋಡುತ್ತಾಳೆ, ನಡುಮನೆಯ ಕುರ್ಚಿಯಲ್ಲಿ ಹಾಲೇಶ! ಮಗನಿಗೆ ಹೊಲಿಸಿದ ಹೊಸ ಅಂಗಿ ಅವನ ಮೈಮೇಲೆ! ಗಿರಿಯ ಕೂತ್ಕೋ ಅಂದಿದ್ದ, ಅವನು ಕೂತಿದ್ದ.

"ಇವರೇನಾ ಹುಡುಗ?" ಅಂದ ಸಿದ್ರಾಮಣ್ಣ.

ನಂಜವ್ವ ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಕೂಗು ಬಂತು. "ಹೂಂ, ಅವನೇ! ನಾನು ಒಳಗಿನೋನು!" ಗಿರಿಯ ಬೆವರು ಸುರಿಸುತ್ತಾ ಉಪ್ಪಿಟ್ಟು ತಿರುವುತ್ತಿದ್ದ.

"ಅಲ್ಲಣ್ಣಾ! ಒಳಗಿರೋನು ನನ್ನ ಮಗ! ಇವನು ನಮ್ಮಣ್ಣನ ಮಗ!" ಅಂತ ನಂಜವ್ವ ಅರಚಿಕೊಂಡಳು. ಎಲ್ಲಾ ತಿಳಿದ ಹಾಲೇಶನಿಗೆ ಕುರ್ಚಿಯಿಂದ ಏಳುವುದು ಮಾತ್ರ ತಿಳಿಯಲಿಲ್ಲ. ಹುಡುಗಿಯನ್ನ ನೋಡಿದ, ಮೀಸೆ ತೀಡಿದ, "ಕೂತ್ಕೊಳ್ಳಿ, ಕಾಫಿ ಬತ್ತದೆ," ಅಂದ.

ವನಜಾಕ್ಷಿ ಅಡುಗೆಮನೆಯ ಕಡೆ ಒಮ್ಮೆ ನೋಡಿದಳು, ಕುರ್ಚಿಯ ಕಡೆ ಒಮ್ಮೆ ನೋಡಿದಳು. "ನಿಮಗೆ ಮದುವೆ ಆಗೈತಾ?" ಅಂದಳು.

"ಇಲ್ಲ," ಅಂದ ಹಾಲೇಶ.

"ಹಂಗಾದ್ರೆ ಅಪ್ಪಾ, ಎರಡು ಯಾಕೆ? ನನಗೆ ಈ ಒಂದೇ ಸಾಕು."

ಅವರು ಹೋದ ಮೇಲೆ ನಂಜವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಹೆಣ್ಣು ಕೈತಪ್ಪಿದ್ದಕ್ಕಿಂತ, ದಾರಿ ತೋರಿಸಿದವಳು ತಾನೇ ಅನ್ನೋದು ಅವಳ ಹೊಟ್ಟೆ ಉರಿಸಿತು. ಗಿರಿಯ ಕೈ ಒರೆಸಿಕೊಳ್ಳುತ್ತಾ ಬಂದ. "ಯಾಕವ್ವ ಅಳ್ತೀಯ? ಮುಖ ತೋರಿಸೋ ಕೆಲಸ ಅವನ್ದು. ಮದುವೆ ಕೆಲಸ ನಂದು!"

ಮದುವೆಯೂ ಬಂತು. ಛತ್ರದಲ್ಲಿ ಓಲಗ ಮೊಳಗಿತು, ಹಾಲೇಶ ತಾಳಿ ಕಟ್ಟಿದ, ಅಕ್ಷತೆ ಬಿತ್ತು. ನಂಜವ್ವ ಕಣ್ಣೊರೆಸಿಕೊಂಡು ಮಗನನ್ನ ಹುಡುಕುತ್ತಾ ಅಡುಗೆಮನೆಗೆ ಬಂದಳು. ಅಲ್ಲಿ ಸಾರಿನ ಕೊಪ್ಪರಿಗೆಗಳ ನಡುವೆ ಗಿರಿಯ ಬಾಸಿಂಗ ಕಟ್ಟಿಕೊಂಡು ಕೂತಿದ್ದ. ಮುಂದೆ ಒಂದು ದಪ್ಪ ಕುಂಬಳಕಾಯಿ. ಅದರ ತೊಟ್ಟಿಗೆ ಅರಿಶಿನದ ದಾರ ಸುತ್ತಿ, ಒಂದು, ಎರಡು, ಮೂರು ಅಂತ ಗಂಟು ಬಿಗಿದು, ತಲೆಯೆತ್ತಿ ಕೇಳಿದ:

"ಇಲ್ಲಿ ಕಟ್ಟಿದೆ ಅವ್ವಾ. ಹೊರಗೆ ಸರಿಯಾಗಿ ಕಾಣ್ತಾ?"