ಮುಚ್ಚಳ ತೆರೆದಿಟ್ಟ ಗುಂಡಿ

ಒಂದು ಕಾಡಿನ ತಗ್ಗಿನಲ್ಲಿ, ಹೊಳೆಯ ಮಗ್ಗುಲಿಗೆ, ಬಿಲಕ್ಕೆ ಬಿಲ ಅಂಟಿಕೊಂಡ ಕೇರಿಯೊಂದಿತ್ತು. ಮೊಲ, ಇಲಿ, ಮುಂಗುಸಿ, ನರಿ ಎಲ್ಲ ಅಲ್ಲೇ ಒತ್ತೊತ್ತಾಗಿ ಬಾಳುತ್ತಿದ್ದವು. ಹೊಟ್ಟೆಯಿದ್ದ ಮೇಲೆ ಕಕ್ಕಸೂ ಬೇಕಲ್ಲ! ಪ್ರತಿ ಬಿಲದ ಹಿಂದೊಂದು ಗುಂಡಿ, ಅದರ ಮೇಲೊಂದು ಕಲ್ಲಿನ ಮುಚ್ಚಳ. ಗುಂಡಿ ತುಂಬಿದರೆ ಎಲ್ಲರಿಗೂ ನೆನಪಾಗುತ್ತಿದ್ದವಳು ಹೆಗ್ಗಣ ಕರಿಯವ್ವ. ಮಿಕ್ಕ ದಿನ ಅವಳನ್ನು ಮಾತಾಡಿಸುವವರೇ ಕಡಿಮೆ.

ಗುಂಡಿ ಬಳಿಯುವುದಕ್ಕೆ ಕರಿಯವ್ವನದೊಂದು ಕಟ್ಟಳೆ. ಹಿಂದಿನ ದಿನ ಬೆಳಗ್ಗೆಯೇ ಮುಚ್ಚಳ ತೆಗೆಯಬೇಕು. ಒಂದು ಹಗಲು, ಒಂದು ರಾತ್ರಿ ತೆರೆದಿಟ್ಟು ಒಳಗಿನ ಕೆಟ್ಟ ಗಾಳಿಯನ್ನು ಹೋಗಲು ಬಿಡಬೇಕು. ಅವಳ ಗಂಡ ಯಾರದೋ ಅವಸರಕ್ಕೆ ಹಾಗೇ ಇಳಿದಿದ್ದ. ಮತ್ತೆ ಮೇಲೆ ಬರಲಿಲ್ಲ.

ಮಳೆಗಾಲ ಹತ್ತಿರ ಬಂತು. ನರಿ ಪಟೇಲನ ಗುಂಡಿ ತುಂಬಿ ತುಳುಕುತ್ತಿತ್ತು. ಮರುದಿನವೇ ಅವನ ಮಗಳ ನಿಶ್ಚಿತಾರ್ಥ. ಹಿಂದಿನ ಸಂಜೆಗೇ ಬೀಗರು ಬಂದು ಉಳಿಯುವವರಿದ್ದರು.

ಬೀಗರು ಬರುವ ದಿನ ಬೆಳಗ್ಗೆಯೇ ಕರಿಯವ್ವ ಮುಚ್ಚಳ ತೆಗೆದಿಟ್ಟು, "ಪಟೇಲರೇ, ನಾಳೆ ಬೆಳಗಿನ ತನಕ ಇದನ್ನು ಮುಚ್ಚಬೇಡಿ. ನನ್ನ ಜೀವದ ಮಾತು" ಎಂದಳು.

"ಅಯ್ಯೋ, ನಿನ್ನ ಜೀವ ಬೇರೆ, ನನ್ನ ಜೀವ ಬೇರೆಯೇ? ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀನಿ" ಎಂದು ನರಿ ಬೆಣ್ಣೆಯಂಥ ಮಾತಾಡಿದ.

ಮರುದಿನ ಬೆಳಗ್ಗೆ ಕರಿಯವ್ವ ಬಂದಾಗ ಗುಂಡಿ ತೆರೆದೇ ಇತ್ತು. "ರಾತ್ರಿಯೆಲ್ಲ ಹೀಗೇ ಇತ್ತು. ಬೀಗರು ಏಳೋದ್ರೊಳಗೆ ಮುಗಿಸಿಬಿಡು ತಾಯಿ" ಎಂದು ನರಿ ಅವಸರಪಡಿಸಿದ. ಅವಳು ಸೊಂಟಕ್ಕೆ ಬಳ್ಳಿ ಬಿಗಿದು ಒಂದು ಕಾಲು ಒಳಗಿಟ್ಟಳು.

"ಇಳೀಬೇಡ ಅಕ್ಕಾ!" ಪಕ್ಕದ ಬಿಲದ ಮೊಲ ಚೆಲುವಿ ಮರಿಯನ್ನು ಎತ್ತಿಕೊಂಡೇ ಓಡಿಬಂದಳು.

"ಯಾಕವ್ವಾ?"

"ಮರಿಗೆ ಜ್ವರ, ರಾತ್ರಿ ನಾನು ಕಣ್ಣು ಮುಚ್ಚಿಲ್ಲ. ಬೀಗರು ಬರೋ ತನಕ ಗುಂಡಿ ವಾಸನೆ ಬರ್ತಿತ್ತು. ಆಮೇಲೆ ನಿಂತೇಹೋಯ್ತು. ನೀನು ಗುಂಡಿ ತೆರೆದಾಗ ನಾನು ಯಾವತ್ತೂ ಆ ವಾಸನೆಗೆ ಬೈದಿಲ್ಲ ಅಕ್ಕ. ವಾಸನೆ ಬಂದ್ರೆ ನೀನು ಬದುಕ್ತೀಯ ಅಂತ ಸಮಾಧಾನ. ಬರದೇ ಇದ್ದಾಗ ಎದೆ ಹೊಡ್ಕೊಳ್ತು."

ಕರಿಯವ್ವ ಕಾಲು ಹಿಂದೆಗೆದು ಅಲ್ಲೇ ಕುಸಿದು ಕೂತಳು. ನರಿ ತನ್ನ ಬಾಲ ನೋಡಿಕೊಂಡ.

"ಬೀಗರ ಮುಂದೆ ಮಾನ ಹೋಗುತ್ತೆ ಅಂತ ಮುಚ್ಚಿದ್ದೆ. ನಸುಕಿಗೇ ತೆರೆದೆನಲ್ಲ" ಎಂದು ತೊದಲಿದ.

"ನಿಮ್ಮ ಮಾನ ಉಳಿಸೋಕೆ ನನ್ನ ಪ್ರಾಣ ಹೋಗಬೇಕಾ ಪಟೇಲರೇ?"

ಅವಳಿಗೆ ಸಿಟ್ಟು ಬಂದಿತ್ತು. ಆದರೆ ಕಣ್ಣು ತುಂಬಿದ್ದು ಸಿಟ್ಟಿಗಲ್ಲ. ಕೇರಿಯೆಲ್ಲ ತನ್ನನ್ನು ಕಂಡು ಮೂಗು ಮುಚ್ಚುತ್ತದೆ ಎಂದೇ ಅವಳು ತಿಳಿದಿದ್ದಳು. ತನಗಾಗಿ ಮೂಗು ತೆರೆದುಕೊಂಡು ಮಲಗುವ ಜೀವವೊಂದಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಚೆಲುವಿಯ ಮರಿಯ ಹಣೆ ಮುಟ್ಟಿ ನೋಡಿ, ಕಣ್ಣೊರೆಸಿಕೊಂಡು ಎದ್ದಳು.

"ಇನ್ನೊಂದು ಹಗಲು, ಇನ್ನೊಂದು ರಾತ್ರಿ ಇದು ತೆರೆದಿರಬೇಕು. ಕಾವಲಿಗೆ ನೀವೇ ಕೂರಿ. ಆಗದಿದ್ದರೆ ನೀವೇ ಇಳೀರಿ" ಎಂದಳು.

ನರಿ ಕೂರಲೇಬೇಕಾಯಿತು. ವಾಸನೆ ಬೀಗರ ಮೂಗಿಗೂ ಬಡಿಯಿತು. ಬೀಗರ ಕಡೆಯ ಅಜ್ಜಿಯೊಬ್ಬಳು ವಿಷಯವೆಲ್ಲ ಕೇಳಿ ತಿಳಿದು, "ಹುಡುಗಿ ಚಿನ್ನದಂಥವಳು, ಸಂಬಂಧ ಬಿಡೋದಿಲ್ಲ. ಅವಳಪ್ಪ ಮಾತ್ರ ಅಲ್ಲೇ ಕೂತಿರಲಿ" ಎಂದಳು. ಮಗಳ ತಾಂಬೂಲ ಬದಲಾಯಿಸುವಾಗ ಪಟೇಲ ಗುಂಡಿಯ ಪಕ್ಕದಲ್ಲೇ ಇದ್ದ.

ಮರುದಿನ ಕರಿಯವ್ವ ಇಳಿದಳು. ಬಳ್ಳಿಯ ತುದಿ ನರಿಯ ಕೈಯಲ್ಲಿತ್ತು. ಒಳಗಿನಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ನರಿ ಗುಂಡಿಯ ಅಂಚಿಗೆ ಬಗ್ಗಿದ.

"ಕರಿಯವ್ವಾ! ಇದ್ದೀಯೇನವ್ವಾ?" ಎಂದು ಗಂಟಲು ಹರಿಯುವಂತೆ ಕೂಗಿದ.

"ಇದ್ದೀನಿ ಪಟೇಲರೇ, ಉಸಿರಾಡ್ತಾ ಇದ್ದೀನಿ" ಎಂದಿತು ಒಳಗಿನ ದನಿ.

ನರಿ ಬಳ್ಳಿ ಬಿಡದೆಯೇ ಬಿಕ್ಕಿ ಬಿಕ್ಕಿ ಅತ್ತ.

ನೀತಿ: ನಮ್ಮ ಹೊಲಸು ತೆಗೆಯುವವರ ಉಸಿರಿಗಿಂತ ನಮ್ಮ ಮಾನ ದೊಡ್ಡದಲ್ಲ.