ಹೊಟ್ಟೆ ತುಂಬಿದ ಕೌದಿ

ಭೂಮಿ ಆಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಬೆಚ್ಚಗಿದ್ದ ಕಾಲ ಅದು. ಹೊಳೆಗಳಿಗೆ ಇನ್ನೂ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಸಿಕ್ಕವರನ್ನೆಲ್ಲ ನಿಲ್ಲಿಸಿ, "ಸಮುದ್ರ ಯಾವ ಕಡೆ?" ಎಂದು ಕೇಳುತ್ತಿದ್ದವು. ಗಾಳಿ ಹೇಳದೆ ಕೇಳದೆ ಎಲ್ಲರ ಮನೆಗೂ ನುಗ್ಗಿ ಬೈಸಿಕೊಳ್ಳುತ್ತಿತ್ತು. ಚಳಿ ಎಂದರೇನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆಗ ಒಂದು ಹಿತ್ತಲಿನ ದಾಸವಾಳದ ಗಿಡದಲ್ಲಿ ಜೇಡವ್ವ ಇದ್ದಳು. ಮೈಮೇಲೆ ಹಳದಿ ಪಟ್ಟೆ, ಕಡ್ಡಿಯಂಥ ಉದ್ದ ಕಾಲುಗಳು. ಅವಳಿಗೆ ಗೆಳತಿಯರಿರಲಿಲ್ಲ. ಎಲ್ಲರೂ ಅವಳ ಬಲೆಯನ್ನು ಸುತ್ತಿ ಬಳಸಿ ದೂರದಿಂದಲೇ ಹೋಗುತ್ತಿದ್ದರು. ಹತ್ತಿರ ಬಂದವರನ್ನು ಅವಳು ತಿಂದುಬಿಡುತ್ತಿದ್ದಳು, ಅದು ಬೇರೆ ಮಾತು. ಹೊಟ್ಟೆಪಾಡು, ಏನು ಮಾಡುತ್ತೀ? ಹೊಟ್ಟೆ ತುಂಬುತ್ತಿತ್ತು, ಮಾತಾಡಲು ಯಾರೂ ಉಳಿಯುತ್ತಿರಲಿಲ್ಲ.

ಒಂದು ವರ್ಷ ಜೇಡವ್ವ ಮೊಟ್ಟೆ ಇಟ್ಟಳು. ಸಾಸಿವೆ ಕಾಳಿಗಿಂತ ಸಣ್ಣ ಸಣ್ಣ ಮೊಟ್ಟೆಗಳು, ಎಲೆಯ ಮೇಲೆ ರಾಶಿ ರಾಶಿ. ಅವಳಿಗೆ ಹಿಗ್ಗೋ ಹಿಗ್ಗು.

"ಇನ್ನ ನನಗೂ ಮಾತಿಗೆ ಮಂದಿ ಆಗತಾರ," ಎಂದು ಗಾಳಿಗೆ ಹೇಳಿದಳು.

ಆದರೆ ರೊಟ್ಟಿ ಎಷ್ಟು ಹೊತ್ತು ಬಿಸಿ ಇದ್ದೀತು? ಭೂಮಿ ಆರಿತು. ಮೂಡಣ ದಿಕ್ಕಿನಿಂದ, ಬಿಳಿ ಮಂಜು ಹೊದ್ದುಕೊಂಡು, ಮಾಗಿ ಎಂಬ ಮುದುಕಿ ಬಂದಳು. ಇರುವೆಗಳು ಗೂಡಿಗೆ ಓಡಿದವು. ಕಪ್ಪೆ ಮಣ್ಣಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಎಲೆಯ ಮೇಲಿದ್ದ ಮೊಟ್ಟೆಗಳಿಗೆ ಗೂಡೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಮಾಗಿ ಅವುಗಳನ್ನು ಒಮ್ಮೆ ಸವರಿದಳು, ಅಷ್ಟೇ. ಬೆಳಿಗ್ಗೆ ನೋಡಿದರೆ ಎಲ್ಲವೂ ಸೆಟೆದುಹೋಗಿದ್ದವು.

"ನಾ ಏನ ಮಾಡ್ಲಿ ತಂಗೀ," ಎಂದಳು ಮಾಗಿ. "ಬಾಗಲs ಇರಲಿಲ್ಲ, ಒಳಗ ಹೋದ್ನಿ. ನನ್ನ ಕೈಯs ಹಂಗೈತಿ."

ಮಾಗಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಆದರೆ ಒಳ್ಳೆಯ ಬುದ್ಧಿಯಿಂದ ಸತ್ತವರೇನು ಎದ್ದು ಬರುತ್ತಾರೆಯೇ? ಜೇಡವ್ವ ಆ ಚಳಿಯನ್ನು ಗೋಡೆಯ ಬಿರುಕಿನಲ್ಲಿ ಒಬ್ಬಳೇ ಕಳೆದಳು. ಆ ಕಾಲದ ಜೇಡಗಳಿಗೆ ಆಯಸ್ಸು ಗಟ್ಟಿ. ಹಗಲು ಹೊತ್ತು ಹೊರಗೆ ಬಂದು ಬರಿದಾದ ಎಲೆಯ ಹತ್ತಿರ ಕೂತು, ಮಕ್ಕಳಿಗೆ ಹೇಳಬೇಕೆಂದುಕೊಂಡಿದ್ದ ಮಾತುಗಳನ್ನೆಲ್ಲ ಎಲೆಗೆ ಹೇಳುತ್ತಿದ್ದಳು. ಕೊನೆಗೆ ಆ ಎಲೆಯೂ ಉದುರಿತು.

ಮರು ವರ್ಷ ಮತ್ತೆ ಮೊಟ್ಟೆ ಇಡುವ ಕಾಲ ಬಂತು. ಜೇಡವ್ವನಿಗೆ ಹಿಗ್ಗಿರಲಿಲ್ಲ, ಭಯ ಇತ್ತು.

ಆ ಹಿತ್ತಲಿನ ಮನೆಯಲ್ಲಿ ಫಕೀರವ್ವ ಎಂಬ ಹೆಂಗಸು ಇದ್ದಳು. ಅವಳ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಹುಟ್ಟುವ ಕೂಸಿಗೆಂದು ಫಕೀರವ್ವ ದಾಸವಾಳದ ನೆರಳಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಹರಿದು, ಒಂದರ ಮೇಲೊಂದು ಹಾಸಿ, ಸೂಜಿಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತಿದ್ದಳು. ಜೇಡವ್ವ ಮೇಲಿನಿಂದ ನೋಡಿದಳು. ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಮೂರನೆಯ ದಿನ ನೂಲು ಹಿಡಿದು ಕೆಳಗಿಳಿದಳು.

"ಯಕ್ಕಾ, ಇದನ್ನ ಹೊದ್ದರ ಮಾಗಿ ಮುಟ್ಟೂದಿಲ್ಲೇನು?"

"ಮುಟ್ಟೂದಿಲ್ಲವ್ವಾ."

"ನನ್ನ ಮಕ್ಕಳಿಗೂ ಒಂದು ಬೇಕಿತ್ತು. ನನ್ನ ಹತ್ರ ಹಳೇ ಸೀರಿ ಇಲ್ಲ."

ಫಕೀರವ್ವ ಸೂಜಿ ನಿಲ್ಲಿಸಿ ಅವಳ ಬಲೆಯನ್ನು ನೋಡಿದಳು. "ಉಟ್ಟದ್ದs ಐತೆಲ್ಲ, ಬಿಚ್ಚಿ ಹೊಲಿ. ಅವ್ವ ಉಟ್ಟ ಸೀರಿಯ ಕಾವs ಬ್ಯಾರೆ."

ಆಮೇಲೆ ಅವಳು ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿಯನ್ನು ಒಳಗಿಟ್ಟಳು.

"ಅದ್ಯಾಕ?" ಎಂದಳು ಜೇಡವ್ವ.

"ಕೌದಿಗೂ ಹೊಟ್ಟಿ ಐತಿ. ಹಸದ ಕೌದಿ ಚಳಿ ತಡಿಯೂದಿಲ್ಲ. ಹೊಟ್ಟಿಗೊಂದಿಷ್ಟು ಹಾಕೇ ಬಾಯಿ ಹೊಲಿಬೇಕು."

ಜೇಡವ್ವ ತಲೆಯಾಡಿಸಿ ಮೇಲೆ ಹೋದಳು. ಬಲೆಯನ್ನು ಎಳೆ ಎಳೆಯಾಗಿ ಬಿಚ್ಚಿದಳು. ಅದು ಸಾಲದೆ ಹೊಸ ನೂಲು ತೆಗೆದಳು. ಒಳಗೆ ಹತ್ತಿಯಂಥ ಮೆತ್ತೆ, ಹೊರಗೆ ಕಾಗದದಂಥ ಗಟ್ಟಿ ಹೊದಿಕೆ. ನಡುವೆ ಮೊಟ್ಟೆ ಇಟ್ಟು, ಮಕ್ಕಳನ್ನು ಮಲಗಿಸಿದ ಹಾಗೆ ಮಲಗಿಸಿ, ಮೇಲೆ ಕೆಳಗೆ, ಮೇಲೆ ಕೆಳಗೆ ಹೊಲಿದಳು. ಕೊನೆಗೆ ಕಡಲೆಕಾಳಿನಷ್ಟು ಬಾಯಿ ಉಳಿಯಿತು. ಹೊಟ್ಟೆಗೆ ಹಾಕಬೇಕು. ಏನು ಹಾಕುವುದು? ಒಂದು ನೊಣವಿಲ್ಲ, ಒಂದು ಸೊಳ್ಳೆಯಿಲ್ಲ. ಇದ್ದರೂ ಹಿಡಿಯಲು ಬಲೆಯಿಲ್ಲ, ಬಲೆಯೆಲ್ಲ ಕೌದಿಯಾಗಿತ್ತು. ಮೂಡಣದಲ್ಲಿ ಮಾಗಿ ಮುದುಕಿ ಕೆಮ್ಮುವುದು ಆಗಲೇ ಕೇಳುತ್ತಿತ್ತು.

"ಹೊಟ್ಟಿಗೆ ಹಾಕು ಅಂದ್ಳಲ್ಲ," ಎಂದುಕೊಂಡಳು ಜೇಡವ್ವ. "ನನ್ನ ಹತ್ರ ಇರೂದು ಹೊಟ್ಟಿ ಒಂದs."

ಹೊಟ್ಟೆಯೊಳಗೆ ನಾಳೆಗೆಂದು ಉಳಿದಿದ್ದ ನೂಲನ್ನೆಲ್ಲ ಎಳೆದಳು. ಎಳೆದು ಎಳೆದು ಕೌದಿಯ ಹೊಟ್ಟೆಗೆ ತುಂಬಿದಳು. ಕೊನೆಯ ಎಳೆಯಿಂದ ಬಾಯಿ ಹೊಲಿದಳು. ಅವಳ ಹೊಟ್ಟೆ ಸುಕ್ಕಾಗಿ ಒಣದ್ರಾಕ್ಷಿಯ ಹಾಗಾಯಿತು.

ಬೆಳಿಗ್ಗೆ ಹೂ ಕೊಯ್ಯಲು ಬಂದ ಫಕೀರವ್ವ ನೋಡಿ ಎದೆ ಬಡಿದುಕೊಂಡಳು.

"ಏ ಹುಚ್ಚಿ! ಒಂದು ಚೂರು ರೊಟ್ಟಿ ಕೇಳಿದ್ರ ನಾ ಕೊಡತಿರಲಿಲ್ಲೇನ?"

ಕೇಳಬಹುದಿತ್ತು, ನಿಜ. ಮನೆ ಹತ್ತೇ ಹೆಜ್ಜೆ. ಆದರೆ ಒಬ್ಬರೇ ಬದುಕಿದವರಿಗೆ ಕೇಳುವ ರೂಢಿಯೇ ಇರುವುದಿಲ್ಲ. ಇನ್ನೊಬ್ಬರ ಮನೆಯ ಬುಟ್ಟಿಯಲ್ಲಿ ತನಗೂ ಒಂದು ಚೂರು ಇರಬಹುದೆಂದು ಅವರಿಗೆ ಹೊಳೆಯುವುದಿಲ್ಲ. ಈ ಕಥೆಯಲ್ಲಿ ನನಗೆ ಸಂಕಟವಾಗುವುದು ಇಲ್ಲೇ.

"ಯಕ್ಕಾ," ಎಂದಳು ಜೇಡವ್ವ. ದನಿ ನೂಲಿಗಿಂತ ಸಣ್ಣಗಿತ್ತು. "ಮಕ್ಕಳು ಎದ್ದ ಮ್ಯಾಲ ನನ್ನ ಕೇಳತಾವ. ಅವ್ವ ಬರತಾಳ ಅಂತ ಹೇಳು."

"ಹೇಳತೀನವ್ವಾ."

ಅಷ್ಟು ಕೇಳಿ ಜೇಡವ್ವ ಕಾಲು ಮಡಚಿಕೊಂಡಳು. ಗಾಳಿ ಬಂದು ಅವಳನ್ನು ಎತ್ತಿಕೊಂಡು ಹೋಯಿತು. ಎಲ್ಲಿಗೆಂದು ಯಾರಿಗೂ ಹೇಳಲಿಲ್ಲ.

ಮಾಗಿ ಬಂದಳು. ಕೌದಿಯನ್ನು ಸುತ್ತಲೂ ಮುಟ್ಟಿ ನೋಡಿದಳು, ಬಾಯಿ ಹುಡುಕಿದಳು. "ಇದರ ಹೊಟ್ಟಿ ತುಂಬೇತಿ," ಎಂದು ಗೊಣಗಿ ಮುಂದೆ ಹೋದಳು. ಒಳಗೆ ಮೊಟ್ಟೆಗಳು ಒಡೆದು ಮರಿಗಳಾದವು. ಒಂದಕ್ಕೊಂದು ಒತ್ತಿಕೊಂಡು, ಅವ್ವನ ಹೊಟ್ಟೆಯ ಮೆತ್ತೆಯಲ್ಲಿ, ಚಳಿಗಾಲವಿಡೀ ನಿದ್ದೆ ಮಾಡಿದವು.

ಯುಗಾದಿಯ ಹೊತ್ತಿಗೆ ಬೇವು ಹೂ ಬಿಟ್ಟಿತು. ಕೌದಿಯಲ್ಲಿ ಸಣ್ಣ ತೂತು ಕಂಡಿತು. ಮರಿಗಳು ಒಂದೊಂದಾಗಿ ಹೊರಗೆ ಬಂದವು. ಬಂದದ್ದೇ ತಡ, "ಅವ್ವ ಎಲ್ಲಿ? ಅವ್ವ ಎಲ್ಲಿ?"

ಫಕೀರವ್ವ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು. ಮಾತು ಕೊಟ್ಟಿದ್ದಳು. ಕೊಟ್ಟ ಹಾಗೇ ಹೇಳಿದಳು, "ಬರತಾಳ."

"ನಾವು ಅಕೀನ್ನ ನೋಡೇ ಇಲ್ಲ. ಅಕಿ ನಮ್ಮನ್ನ ನೋಡಿಲ್ಲ. ಗುರುತು ಹೆಂಗ ಹಿಡೀತಾಳ?"

ಫಕೀರವ್ವ ಕೂಸಿನ ಕೌದಿಯನ್ನು ನೋಡಿದಳು. ಅದರ ಮೇಲೆ ಅವಳದೇ ಸೊಟ್ಟ ಸೊಟ್ಟ ಹೊಲಿಗೆ ಇತ್ತು.

"ಹೊಲಿಗಿ ನೋಡಿ. ಕೌದಿ ಹೊಲಿದಾಕಿ ತನ್ನ ಹೊಲಿಗಿ ಮರೀತಾಳೇನು?"

ಮರಿಗಳು ಯೋಚಿಸಿದವು. ಕತ್ತಲಲ್ಲಿ ಮಲಗಿದಾಗ ಮುಖಕ್ಕೆ ತಾಗುತ್ತಿದ್ದ ಆ ಹೊಲಿಗೆ ಅವಕ್ಕೆ ನೆನಪಿತ್ತು. ಮೇಲೆ ಕೆಳಗೆ, ಮೇಲೆ ಕೆಳಗೆ. ಅದು ಬಿಟ್ಟು ಅವ್ವನದು ಬೇರೇನೂ ಅವಕ್ಕೆ ಗೊತ್ತಿರಲಿಲ್ಲ.

ಇನ್ನು ಕಾಯುವುದು ಎಲ್ಲಿ? ಒಂದು ಮರಿ ಬೇಲಿಯಲ್ಲಿ ಎಂದಿತು, ಇನ್ನೊಂದು ಬಾವಿಕಟ್ಟೆಯಲ್ಲಿ ಎಂದಿತು. ಜಗಳವೋ ಜಗಳ. ಕೊನೆಗೆ ಎಲ್ಲಕ್ಕಿಂತ ಸಣ್ಣ ಮರಿ ಹೇಳಿತು, "ಅವ್ವ ಯಾವ ಕಡೆಯಿಂದ ಬರತಾಳೋ ಗೊತ್ತಿಲ್ಲ. ಎಲ್ಲಾರೂ ಒಂದs ಕಡೆ ನಿಂತ್ರ ತಪ್ಪಿ ಹೋದಾಳು. ಒಬ್ಬೊಬ್ರು ಒಂದೊಂದು ದಾರ್ಯಾಗ ಕುಂದರೂಣು."

ಮಾತು ಸರಿ ಎನಿಸಿತು. ಒಂದೊಂದೂ ಒಂದೊಂದು ಎಳೆ ನೂಲನ್ನು ಗಾಳಿಗೆ ಬಿಟ್ಟಿತು. ಅವ್ವನನ್ನು ಒಯ್ದಿದ್ದ ಗಾಳಿ ಮಕ್ಕಳ ಮುಖ ನೋಡಲಾಗದೆ, ಸುಮ್ಮನೆ ಅವನ್ನೂ ಎತ್ತಿಕೊಂಡಿತು. ಒಂದನ್ನು ನಿಂಬೆಗಿಡಕ್ಕೆ, ಒಂದನ್ನು ಬೇಲಿಗೆ, ಒಂದನ್ನು ಊರಾಚೆಯ ಬಾವಿಗೆ. ಚಳಿಗಾಲವಿಡೀ ಒತ್ತಿಕೊಂಡು ಮಲಗಿದ್ದ ಮರಿಗಳು ಮತ್ತೆ ಒಂದನ್ನೊಂದು ನೋಡಲಿಲ್ಲ.

ಅದಕ್ಕೇ ಮಗೂ, ಮಾಗಿಯಲ್ಲಿ ನಮ್ಮ ಹಿತ್ತಲಲ್ಲಿ ಜೇಡ ಕಾಣುವುದಿಲ್ಲ. ಎಲೆಯ ಮರೆಯಲ್ಲಿ ಒಂದು ಕಂದು ಗಂಟು ಕಾಣುತ್ತದೆ. ಕಸ ಎಂದು ನಿಮ್ಮಪ್ಪ ಪೊರಕೆ ತಂದರೆ, ಕೌದಿ ಎಂದು ಹೇಳು. ಮಳೆ ನಿಂತ ಮೇಲೆ ದೊಡ್ಡ ಬಲೆ ಕಟ್ಟಿ ನಡುವೆ ಒಂಟಿಯಾಗಿ ಕೂತ ಜೇಡ ಸಿಕ್ಕರೆ ಹತ್ತಿರ ಹೋಗಿ ನೋಡು. ಬಲೆಯ ಮಧ್ಯೆ ದಪ್ಪ ಬಿಳಿ ನೂಲಿನಲ್ಲಿ ಮೇಲೆ ಕೆಳಗೆ, ಮೇಲೆ ಕೆಳಗೆ ಹೊಲಿಗೆ ಹಾಕಿರುತ್ತದೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಒಂದು ಎಳೆ ಮುಟ್ಟಿದರೂ ಸಾಕು, ಅದು ಇಡೀ ಬಲೆಯನ್ನು ಗಡಗಡ ಅಲ್ಲಾಡಿಸುತ್ತದೆ, ಅವ್ವ ಬಂದಳು ಎಂದುಕೊಂಡು.