ಚಕ್ರದಡಿಯ ನಿಂಬೆಹಣ್ಣು

ಪುಟ್ಟಬಸವಯ್ಯ ಸೆಕೆಂಡ್ ಹ್ಯಾಂಡ್ ವಿದೇಶಿ ಕಾರೊಂದನ್ನು ಅಗ್ಗಕ್ಕೆ ಕೊಂಡು, ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟ.

ಕಾರು ನಿಂಬೆಗೆ ಹೇಳಿತು: "ನನ್ನ ಒಂದು ಬಿಡಿಭಾಗದ ಬೆಲೆಗೆ ನಿಂಬೆತೋಟವೇ ಬರುತ್ತದೆ. ಅಂಥವನ ಚಕ್ರದಡಿ ಅಪ್ಪಚ್ಚಿಯಾಗುವ ಭಾಗ್ಯ ನಿನ್ನದು."

"ಸಂತೋಷ ಸ್ವಾಮಿ, ಹೊರಡಿ," ಎಂದಿತು ನಿಂಬೆ.

ಪುಟ್ಟಬಸವಯ್ಯ ಕೀಲಿ ತಿರುಗಿಸಿದ. ಕಾರು ಕೆಮ್ಮಿ ಸುಮ್ಮನಾಯಿತು. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ ನೋಡಿ, "ಈ ಪಾರ್ಟು ವಿದೇಶದಿಂದಲೇ ಬರಬೇಕು" ಎಂದು ಬೆಲೆ ಹೇಳಿದ. ಪುಟ್ಟಬಸವಯ್ಯ ಅಲ್ಲೇ ಕುಸಿದು ಕೂತ.

"ಮುಹೂರ್ತ ಮೀರುತ್ತೆ, ಏಳಿ," ಎಂದ ಹೆಂಡತಿ ನಿಂಬೆಹಣ್ಣನ್ನು ಎತ್ತಿ, ಮನೆಯ ಹಳೇ ಮೊಪೆಡ್ಡಿನ ಕಡೆಗೆ ನಡೆದಳು.

ಅವಳ ಕೈಯಿಂದಲೇ ನಿಂಬೆ ಹೇಳಿತು: "ಸ್ವಾಮಿ, ಆ ತೋಟದ ಲೆಕ್ಕವನ್ನು ನನಗಲ್ಲ, ಕೊಳ್ಳುವ ಮೊದಲೇ ಯಜಮಾನರಿಗೆ ಹೇಳಬೇಕಿತ್ತು."